ಐನೂರಾ ನಲವತ್ತು ರೂಪಾಯಿ ಹೆಚ್ಚು

“ನಿಮ್ಮ ಟ್ಯಾಕ್ಸ್ ರಿಫಂಡ್ ಬಂದದ್ರಿ. ಇಪ್ಪತ್ತೆರಡು ಸಾವಿರದ ಇನ್ನೂರಾ ಇಪ್ಪತ್ತು. ಬರೋಬ್ಬರಿ ಅದನೋ ಇಲ್ಲೋ ನೋಡ್ರಿ,” ಎಂದಳು ವಿದ್ಯಾವತಿ.

ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಗೇಟಿನ ಹೊರಗೆ ಚಹಾ ಕುಡಿಯುತ್ತಿದ್ದ ಶಿವಕಾಂತ ಲೋಟವನ್ನು ಹಾಗೇ ಕೆಳಗಿಟ್ಟ. ವರ್ಷಕ್ಕೊಮ್ಮೆ ಬರುವ ಫೋನು ಅದು. ಬಿಡಕಿನ್‌ನ ಹೊಸ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತೆಂದು ಹೆಂಡತಿ ಹೊರಟು ನಿಂತಾಗ, “ಹೋಗೂದಾದ್ರ ಮತ್ತ ಈ ಹೊಸ್ತಿಲಾ ತುಳೀಬ್ಯಾಡ” ಎಂದುಬಿಟ್ಟಿದ್ದ. ಹೇಳಬಾರದಿತ್ತು. ಅವಳು ಅಲ್ಲಿಗೆ ಹತ್ತಿರದ ಛತ್ರಪತಿ ಸಂಭಾಜಿನಗರದಲ್ಲಿ ಮನೆ ಮಾಡಿ ನಾಲ್ಕು ವರ್ಷವಾಯಿತು. ಇಬ್ಬರೂ ವಕೀಲರ ತನಕ ಹೋಗಲಿಲ್ಲ, ಇವನು ಕರೆಯಲಿಕ್ಕೂ ಹೋಗಲಿಲ್ಲ. ನಡುವೆ ಉಳಿದದ್ದು ಮದುವೆಯಾದ ಹೊಸತರಲ್ಲಿ ಇಬ್ಬರೂ ಅದೇ ಸಂಭಾಜಿನಗರದಲ್ಲಿದ್ದಾಗ ತೆರೆದ ಒಂದು ಜಂಟಿ ಖಾತೆ. ಇವನ ರಿಫಂಡು ಬರುವುದು ಅದಕ್ಕೆ. ಬಂದಿತೆಂಬ ಮೆಸೇಜು ಹೋಗುವುದು ಅವಳ ಮೊಬೈಲಿಗೆ.

“ಒಂದು ನಿಮಿಷ ತಡಿ, ಕಾಗದ ತಗೀತೀನಿ,” ಎಂದ. ತೆಗೆಯುವುದೇನು ಬಂತು, ಅಂಕಿಯೆಲ್ಲ ಬಾಯಿಪಾಠವಾಗಿತ್ತು. ಆದರೆ ಆ ಒಂದು ನಿಮಿಷ ಅವಳ ಮನೆಯ ಸದ್ದು ಕಿವಿಗೆ ಬೀಳುತ್ತಿತ್ತು. ಪಕ್ಕದವರ ಮರಾಠಿ ಟಿವಿ, ಫೋನು ಹಿಡಿದ ಕೈಯ ಬಳೆ. ಅಷ್ಟಕ್ಕೇ ಜೀವ ತಣ್ಣಗಾಗುತ್ತಿತ್ತು.

“ರಿಟರ್ನ್‌ನ್ಯಾಗ ನಾ ಕೇಳಿದ್ದು ಇಪ್ಪತ್ತೊಂದು ಸಾವಿರದ ಆರುನೂರಾ ಎಂಬತ್ತು. ಐನೂರಾ ನಲವತ್ತು ಹೆಚ್ಚಿಗೆ ಯಾಕ ಬಂತು?”

“ಬಡ್ಡಿರಿ. ತಿಂಗಳಿಗೆ ಅರ್ಧ ಪರ್ಸೆಂಟ್. ಏಪ್ರಿಲ್‌ನಿಂದ ಐದು ತಿಂಗಳದ್ದು.”

“ಹಂಗಂದ್ರ? ಸ್ವಲ್ಪ ಬಿಡಿಸಿ ಹೇಳು.”

ಅವಳು ಬಿಡಿಸಿ ಹೇಳಿದಳು. ಹೋದ ವರ್ಷವೂ ಹೇಳಿದ್ದಳು, ಅದರ ಹಿಂದಿನ ವರ್ಷವೂ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಿಮಾನದ ಬಿಡಿಭಾಗವನ್ನು ಹಿಂದಕ್ಕೆ ಕಳಿಸುವ ಇನ್ಸ್‌ಪೆಕ್ಟರ್ ಮಹಾಶಯ, ಏನೂ ತಿಳಿಯದವನಂತೆ ಹ್ಞೂಂಗುಟ್ಟುತ್ತ ಕೂತ.

“ಒಂದು ಮಾತು ಕೇಳ್ಲೇನ್ರಿ?” ವಿದ್ಯಾವತಿಯ ದನಿ ಇಳಿಯಿತು. “ವಿಮಾದ್ದು, ಮನಿ ಸಾಲದ್ದು ರಸೀದಿ ಜನವರಿಯೊಳಗ ಆಫೀಸಿಗೆ ಕೊಟ್ಟಿದ್ರ ಪಗಾರದಾಗ ಈ ಟ್ಯಾಕ್ಸ್ ಹಿಡೀತಿದ್ದಿಲ್ಲ. ರಿಫಂಡಿನ ಮಾತೇ ಬರ್ತಿದ್ದಿಲ್ಲ. ನಾಲ್ಕೂ ವರ್ಷ ಮರ್ತ್ರೇನು?”

ಶಿವಕಾಂತನ ಬಾಯಿಗೆ ಒಂದು ಸುಳ್ಳು ಬಂತು. ನುಂಗಿಕೊಂಡ.

“ಮರ್ತಿಲ್ಲ,” ಎಂದ. “ಕೊಟ್ರ ರಿಫಂಡ್ ಬರೂದಿಲ್ಲ. ಅದು ಬರದಿದ್ರ ನೀ ಫೋನ್ ಮಾಡೂದಿಲ್ಲ.”

ಆ ಕಡೆ ಕುಕ್ಕರು ಕೂಗಿತು. ಮತ್ತೊಮ್ಮೆ ಕೂಗಿತು. ಅವಳು ಏಳಲಿಲ್ಲ.

“ಈ ಖಾತೆ ಮುಚ್ಚಿಬಿಡೂನು ಅಂತ ಮಾಡೀನ್ರಿ,” ಎಂದಳು ಕಡೆಗೆ. “ಬ್ಯಾಂಕಿನ್ಯಾಗ ಕೇಳಿ ಬಂದೆ. ಇಬ್ಬರೂ ಬಂದು ಸಹಿ ಮಾಡಬೇಕಂತ.”

ಶಿವಕಾಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೋದರೆ ಒಮ್ಮೆ ಕಣ್ತುಂಬ ನೋಡಬಹುದು. ಆಮೇಲೆ ಈ ದನಿಯೂ ಇಲ್ಲ. ರಜೆ ಇಲ್ಲವೆಂದು ತಳ್ಳಿಹಾಕಿದರೆ ವರ್ಷಕ್ಕೊಮ್ಮೆ ದನಿಯಾದರೂ ಉಳಿಯುತ್ತದೆ. ಬುದ್ಧಿವಂತನಾಗಿದ್ದರೆ ತಳ್ಳಿಹಾಕುತ್ತಿದ್ದ. ಆದರೆ ನಾಲ್ಕು ವರ್ಷದಿಂದ ನೋಡದ ಮುಖ ಅದು, ನೋಡಬೇಕೆನಿಸಿತು.

“ಯಾವತ್ತು ಬರ್ಲಿ?” ಎಂದ.

“ರವಿವಾರ ಬರ್ರಿ. ಮುಂಜಾನೆ ಲಗೂನ ಹೊಂಟ್ರ ಯೇವಲಾ ದಾರಿ ಹಿಡಿದು ಊಟದ ಹೊತ್ತಿಗೆ ಬಂದು ಮುಟ್ತೀರಿ.”

ಶಿವಕಾಂತ ಕಣ್ಣೊರೆಸಿಕೊಂಡ. ಲೆಕ್ಕದ ಮನುಷ್ಯ, ಸುಮ್ಮನಿರಲಾಗಲಿಲ್ಲ.

“ರವಿವಾರ ಬ್ಯಾಂಕ್ ಬಂದ್ ಇರ್ತದಲ್ಲ, ವಿದ್ಯಾ?”

“ಇರ್ತದ್ರಿ,” ಎಂದಳು ವಿದ್ಯಾವತಿ.