ಸೋಪಿನ ತುಂಡು

ಓರೆಸ್ಟ್ ಬೇಸಿಗೆ ಪ್ರವಾಸದಲ್ಲಿ ಮನೆಯಂತೆ ವಾಸಿಸುವ ಕ್ಯಾಂಪರ್ ಗಾಡಿಯೊಳಗೆ ಬಗ್ಗಿ ಮೂಲೆಮೂಲೆಗೂ ಸೋಪಿನ ತುಂಡು ಇಡುತ್ತಿದ್ದ. ಹೆಂಡತಿ ಹಲ್ಯಾ ಬಾಗಿಲಲ್ಲೇ ನಿಂತಳು. ಮ್ಯಾನಿಟೋಬಾದಲ್ಲಿ ಹಿಮ ಬೀಳುವ ಮೊದಲು ಗಾಡಿಯ ಕೊಳವೆಗಳ ನೀರು ಹೆಪ್ಪುಗಟ್ಟದಂತೆ ಬಸಿದು, ಅದನ್ನು ಅಂಗಳದಲ್ಲಿ ಮುಚ್ಚಿಡುವುದು ಇಬ್ಬರೂ ಕೂಡಿ ಮಾಡುವ ಕೆಲಸ. ಇಲಿ ಬಾರದಿರಲೆಂದು ಇಷ್ಟು ವರ್ಷ ಅವರು ಇಡುತ್ತಿದ್ದುದು ಪುದೀನ ಎಣ್ಣೆಯ ಹತ್ತಿ.

“ಏನಿದು ಹೊಸ ವಿದ್ಯೆ?”

“ಸೋಪಿನ ವಾಸ್ನೆಗೆ ಇಲಿ ಬರಲ್ವಂತೆ ಕಣೇ. ಪಕ್ಕದ್ಮನೆ ಲೋರ್ನಾ ಹೇಳಿದ್ಳು. ಮೊನ್ನೆ ಅವಳ ಗಾಡಿ ಮುಚ್ಚಿಕೊಟ್ನಲ್ಲ, ಆವಾಗ.”

“ನಮ್ಮದಕ್ಕಿಂತ ಮೊದ್ಲಾ?”

“ಪಾಪ, ಒಬ್ಳೇ ಹೆಂಗಸು.”

“ನಾನೂ ಮೊನ್ನೆ ಒಬ್ಳೇ ಇದ್ದೆ.”

ಓರೆಸ್ಟ್ ನಕ್ಕ. ಹಲ್ಯಾ ನಗಲಿಲ್ಲ. ಮಂಡಿಯೂರಿ ತುಂಡುಗಳನ್ನೆಲ್ಲ ಒಂದೊಂದಾಗಿ ಆರಿಸಿ ಹೊರಗೆಸೆದಳು.

“ಅಯ್ಯೋ, ಇಲಿ ಬರುತ್ತಲ್ಲೇ!”

“ಬರ್ಲಿ. ಇಲಿಗಾದ್ರೆ ಬೋನಿದೆ.”