ಒಂಬತ್ತು ನಿಮಿಷದ ಆಸ್ಪತ್ರೆ

ಊದಿಕೊಂಡ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತೆ ಆಸ್ಪತ್ರೆಯ ಆರನೆಯ ಮೆಟ್ಟಿಲ ಮೇಲೆ ಕೂತಿದ್ದರು. ಅಳಿಯ ಐದನೆಯದರಲ್ಲಿ. ಮುಚ್ಚಿದ ಬಾಗಿಲ ಪಕ್ಕದಲ್ಲಿ ದೊಡ್ಡ ಫಲಕವಿತ್ತು: 'ಸರಾಸರಿ ಕಾಯುವ ಸಮಯ ಒಂಬತ್ತು ನಿಮಿಷ.'

"ಅಳಿಯಂದ್ರೇ, ಆ ಒಂಬತ್ತು ನಿಮಿಷ ಶುರುವಾಗೋದು ಯಾವಾಗ?"

ಬೆಳಿಗ್ಗೆ ಅತ್ತೆ ಹೊಲಿಗೆಯಂತ್ರದ ಹತ್ತಿರ ಬಿದ್ದಿದ್ದ ರೇಷ್ಮೆ ತುಂಡಿನ ಮೇಲೆ ಕಾಲಿಟ್ಟು ಜಾರಿದ್ದರು. ಹತ್ತಿರದ ಆಸ್ಪತ್ರೆಗೆ ಹೊರಟವರನ್ನು ತಡೆದವನು ಅಳಿಯನೇ. ಫೋನಿನಲ್ಲಿ ಮೂರು ಊರಿನ ಆಸ್ಪತ್ರೆಗಳ ಕಾಯುವ ಸಮಯವನ್ನು ಹೋಲಿಸಿ ನೋಡಿದ್ದ. ಹತ್ತಿರದ್ದರಲ್ಲಿ ನಾಲ್ಕು ಗಂಟೆ, ಹೊಳೆಯಾಚೆಯದರಲ್ಲಿ ಎರಡೂವರೆ ಗಂಟೆ, ಇಲ್ಲಿ ಒಂಬತ್ತು ನಿಮಿಷ. ಬಸ್ಸಿಗೆ ಒಂದೂವರೆ ಗಂಟೆ ಹಿಡಿದರೂ ಲಾಭವೇ ಎಂದು ಕರೆತಂದಿದ್ದ. ಬಂದು ಎರಡು ಗಂಟೆ ಕಳೆದಿತ್ತು.

ಅವನು ಎದ್ದು ಬಾಗಿಲು ಕಾಯುವವನ ಹತ್ತಿರ ಹೋದ.

"ಒಂಬತ್ತು ನಿಮಿಷ ಅಂತ ಬರೆದಿದೀರಲ್ಲ?"

"ಹೌದು ಸಾರ್. ಒಳಗೆ ಹೋಗಿ ಚೀಟಿ ತಗೊಂಡ್ಮೇಲೆ ಒಂಬತ್ತೇ ನಿಮಿಷ. ಹತ್ತಾಗೋಕೆ ನಾವು ಬಿಡಲ್ಲ."

"ಹಾಗಾದ್ರೆ ಇಲ್ಲಿ ಕೂತಿರೋದು ಕಾಯೋದಲ್ವಾ?"

"ಇದು ಮೆಟ್ಟಿಲು ಸಾರ್."

ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ. "ಹೋದ ವರ್ಷ ಎಲ್ಲರನ್ನೂ ಒಳಗೇ ಕೂರಿಸ್ತಿದ್ವಿ. ಕಾಯೋ ಸಮಯದ ಪಟ್ಟಿಯಲ್ಲಿ ನಮ್ಮದೇ ಕಡೇ ಆಸ್ಪತ್ರೆ. ಬಾಗಿಲು ಹಾಕಿದ್ವಿ ನೋಡಿ, ಈಗ ನಮ್ಮದೇ ಮೊದಲು."

ಅಳಿಯ ತಿರುಗಿ ಬಂದಾಗ ಅತ್ತೆ ಕೊರಳಲ್ಲೇ ಉಳಿದಿದ್ದ ಅಳತೆಪಟ್ಟಿಯನ್ನು ಎಡಗೈಯಿಂದ ಬಲ ಮಣಿಕಟ್ಟಿಗೆ ಸುತ್ತುತ್ತಿದ್ದರು.

"ಬಸ್ಸಲ್ಲಿ ಏಳಿಂಚು ಇತ್ತು, ಈಗ ಏಳೂಮುಕ್ಕಾಲು. ನಿಮ್ಮ ಫೋನಲ್ಲಿ ಇದಕ್ಕೂ ಏನಾದ್ರೂ ಲೆಕ್ಕ ಇದ್ಯಾ?"

"ಹತ್ತಿರದ್ದಕ್ಕೇ ಹೋಗಿದ್ರೂ ಕಾಯೋದಂತೂ ತಪ್ತಿರಲಿಲ್ಲ ಅತ್ತೆ."

"ತಪ್ತಿರಲಿಲ್ಲ. ಆದ್ರೆ ಅಲ್ಲಿ ಕುರ್ಚಿ ಇದೆ."

ಅತ್ತೆ ಅಳತೆಪಟ್ಟಿಯನ್ನು ಬಿಚ್ಚಿ ಮತ್ತೆ ಕೊರಳಿಗೆ ಹಾಕಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಇದು ಕತ್ತರಿ ಹಿಡಿಯೋ ಕೈ. ಎಡಗೈಯಲ್ಲಿ ನಾನೊಂದು ಗುಂಡಿನೂ ಹೊಲೀಲಾರೆ." ಅಳಿಯ ಒಂದು ಮೆಟ್ಟಿಲು ಮೇಲೆ ಹೋಗಿ ಅವರ ಪಕ್ಕದಲ್ಲಿ ಕೂತು, ತನ್ನ ಕೈಚೀಲವನ್ನು ಆ ಕೈಯ ಕೆಳಗೆ ಇಟ್ಟ.

ಮಧ್ಯಾಹ್ನ ಎರಡಕ್ಕೆ ಬಾಗಿಲು ತೆರೆಯಿತು. ಚೀಟಿ ಸಿಕ್ಕಿತು, ನರ್ಸ್ ಓಡಿಸಿಕೊಂಡೇ ಡಾಕ್ಟರ ಮುಂದೆ ತಂದು ಕೂರಿಸಿದಳು. ಗೋಡೆಯ ಗಡಿಯಾರ ನೋಡಿದ ಅಳಿಯ ಅಭ್ಯಾಸಬಲದಿಂದ, "ಎಂಟೇ ನಿಮಿಷ," ಎಂದುಬಿಟ್ಟ. ಅತ್ತೆ ಒಮ್ಮೆ ತಿರುಗಿ ನೋಡಿದರು. ಅವನು ಗಡಿಯಾರದಿಂದ ಕಣ್ಣು ಕಿತ್ತು ನೆಲ ನೋಡತೊಡಗಿದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಣಿಕಟ್ಟನ್ನು ಮೆಲ್ಲಗೆ ಒತ್ತಿ ನೋಡಿ, ಪಕ್ಕದ ಕೋಣೆಯಲ್ಲಿ ಎಕ್ಸ್-ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದರು. ಅತ್ತೆಯ ಕೊರಳಿನ ಅಳತೆಪಟ್ಟಿಯ ಕಡೆ ಕಣ್ಣು ಹಾಯಿಸಿ ಹೇಳಿದರು: "ಸಣ್ಣ ಬಿರುಕು ಅಷ್ಟೇ. ಆರು ವಾರ ಪ್ಲಾಸ್ಟರ್ ಇರಲಿ, ಆಮೇಲೆ ಏನು ಬೇಕಾದ್ರೂ ಹೊಲೀಬಹುದು."

ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಅತ್ತೆ ಬಿಟ್ಟರು. ಡಾಕ್ಟರು ಮುಂದಿದ್ದ ಹಾಳೆಯನ್ನು ಎಳೆದುಕೊಂಡು ಪೆನ್ನು ಬಿಚ್ಚಿದರು.

"ದಾಖಲೆಗೆ ಬರ್ಕೋಬೇಕು. ನೋವು ಎಷ್ಟು ಹೊತ್ತಿಂದ ಇದೆ ಅಮ್ಮ?"

ಅತ್ತೆ ತುಸು ಯೋಚಿಸಿದರು. ನಿಜವಾಗಿಯೂ ತಿಳಿಯದವರಂತೆ ಕೇಳಿದರು:

"ನಾನು ಬಿದ್ದಾಗಿಂದ ಹೇಳ್ಲಾ, ನೀವು ಚೀಟಿ ಕೊಟ್ಟಾಗಿಂದ ಹೇಳ್ಲಾ?"