ಲೋಟದ ಕೆಳಗಿದ್ದ ಡಿಸ್ಕು

‘ಡಿಸ್ಕ್ ಸಿಗುತ್ತಿಲ್ಲ’ ಎಂಬ ಸಾಲು ಪರದೆಯ ಮೇಲೆ ಮೂಡಿದೊಡನೆ ಮಾವ ಕಾಫಿ ಲೋಟವನ್ನು ಕುಕ್ಕಿದರು. ಮೂವತ್ತೊಂದು ವರ್ಷ ಸರ್ವೇಯರಾಗಿ ಸರಪಳಿ ಹಿಡಿದು ಜಮೀನು ಅಳೆದು ಅವರು ಬರೆದ ನಕ್ಷೆಗಳೆಲ್ಲವೂ ಮನೆಯ ಸರ್ವರಿನಲ್ಲಿದ್ದವು. ಸೊಸೆ ಈಗಷ್ಟೇ ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದಳು.

“ಆಯ್ತಲ್ಲ! ಚೆನ್ನಾಗಿ ನಡೀತಿದ್ದದ್ದನ್ನ ಕೆದಕಿ, ನನ್ನ ಇಡೀ ನೌಕರಿ ಮಣ್ಣುಪಾಲು ಮಾಡಿದೆ.”

“ಹೋಗಿರೋದು ನಕಲು, ಮಾವ,” ಸೊಸೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಮೂಲ ನಕ್ಷೆ ಮೇಲೆ ಪೆನ್ಸಿಲ್ ಆಡಿಸಬಾರದು ಅಂತ ನೀವೇ ತಾನೆ ಹೇಳೋದು? ಎಲ್ಲಾನೂ ಬೇರೆ ಡಿಸ್ಕಿಗೆ ಇಳಿಸಿ, ಅದರ ಮೇಲೆ ಪ್ರಯೋಗ ಮಾಡಿದೆ. ಅಸಲು ಡಿಸ್ಕನ್ನ ಬೆಳಗ್ಗೇನೇ ನಿಮ್ಮ ಕೈಗೆ ಕೊಟ್ಟಿದ್ದೀನಿ.”

“ಜೋಪಾನ ಅಂದೆಯೇ ಹೊರತು ಅಸಲು ಅನ್ನಲಿಲ್ಲ!”

“ಅಂದಿದ್ರೆ ಸರ್ವರ್ ಬಿಚ್ಚೋಕೆ ಬಿಡ್ತಿದ್ರಾ?”

ಮಾವನ ಕಣ್ಣು ಲೋಟದ ಕೆಳಗೆ ಹೋಯಿತು. ಅಂಗೈಯಗಲದ ಆ ಡಿಸ್ಕಿನ ಮೇಲೆಯೇ ಬೆಳಗಿನಿಂದ ಲೋಟ ಇಡುತ್ತಿದ್ದರು. ಈಗ ಲೋಟವನ್ನು ಎರಡೂ ಕೈಗಳಿಂದ ಮೆಲ್ಲನೆ ಎತ್ತಿ ನೆಲಕ್ಕಿಟ್ಟರು. ಡಿಸ್ಕಿನ ಮೇಲಿನ ಕಾಫಿಯ ಉಂಗುರವನ್ನು ಅಂಗಿಯ ತುದಿಯಿಂದ ಒರೆಸಿ, ಅದನ್ನು ಎದೆಯ ಜೇಬಿಗಿಳಿಸಿ ಗುಂಡಿ ಹಾಕಿಕೊಂಡರು.

“ನಕಲು ತಾನೆ,” ಎಂದು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. “ಇನ್ನೊಂದ್ ಸಲ ಹಾಕು. ಈ ಸಲ ನಾನೂ ನೋಡ್ತೀನಿ.”